ಸಣ್ಣ ಕಳವನ್ನೂ ಬರೆಸಿ

ಠಾಣೆಯ ಪುಸ್ತಕ ಸೇರದ ಕಳವು ಸರ್ಕಾರದ ಲೆಕ್ಕದಲ್ಲಿ ನಡೆದೇ ಇಲ್ಲ. ಠಾಣಾ ಬರಹಗಾರನಾಗಿ ದುಡಿದು, ನಿವೃತ್ತಿಯಾದ ಮೇಲೆ ದೇವನೂರಿನ ಮನೆ, ತೋಟ ನೋಡಿಕೊಂಡಿರುವ ನಾನು ಊರಿನವರಿಗೆ ಪದೇಪದೇ ಹೇಳುವ ಮಾತು ಇದೊಂದೇ. ಹೊರಗಿನವರಿಗೆ ನಮ್ಮೂರು ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರು, ಲಕ್ಷ್ಮೀಕಾಂತ ದೇವಸ್ಥಾನದ ಊರು. ನಮಗೆ ಇದು ತೆಂಗು, ಅಡಿಕೆ, ರಾಗಿಯ ಊರು. ಮಳೆ ಕೈಕೊಟ್ಟರೆ ಬೋರ್‌ವೆಲ್ ನಂಬಿ ಬದುಕುವ ಕಡೂರು ಬಯಲಿನ ಊರು. ಇಂಥ ಕಡೆ ನಡೆಯುವ ಅಪರಾಧಗಳೂ ಬದುಕಿಗೆ ತಕ್ಕಂತೆಯೇ ಇರುತ್ತವೆ. ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿಕೊಂಡು ಹೋಗುವುದು, ಒಣಗಲು ಹರವಿದ ಅಡಿಕೆಯನ್ನು ರಾತ್ರಿ ಬಾಚಿಕೊಂಡು ಹೋಗುವುದು, ಕೆಡವಿಟ್ಟ ಕಾಯಿ, ಕಟ್ಟಿಹಾಕಿದ ಕುರಿ, ಬಸ್ಸಿನ ನೂಕುನುಗ್ಗಲಲ್ಲಿ ಪರ್ಸು, ಮೊಬೈಲು. ಪತ್ರಿಕೆಯಲ್ಲಿ ಒಂದು ಸಾಲೂ ಬರುವುದಿಲ್ಲ. ಕಳೆದುಕೊಂಡವನಿಗೆ ಮಾತ್ರ ಆ ತಿಂಗಳ ಲೆಕ್ಕಾಚಾರವೆಲ್ಲ ತಲೆಕೆಳಗು.

ಇದನ್ನು ಬರೆಸುವವರು ಕಡಿಮೆ. "ಹೋಗ್ಲಿ ಬಿಡಿ ರೈಟ್ರೇ, ಎರಡು ಸಾವಿರದ ಮಾಲಿಗೆ ಸ್ಟೇಷನ್ ಹತ್ತಕ್ಕಾಗುತ್ತಾ?" ಎನ್ನುತ್ತಾರೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ; ಹೋದಾಗ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರೆ ನಾಳೆ ಬಾ ಎನ್ನಿಸಿಕೊಂಡು ಬರಬೇಕು. ಹಿಂದೆ ಈ ತೊಂದರೆ ಇಷ್ಟಿರಲಿಲ್ಲ. ಊರಿಗೊಬ್ಬ ಪಟೇಲರು, ಲೆಕ್ಕಕ್ಕೆ ಶಾನುಭೋಗರು, ಕಾವಲಿಗೆ ತೋಟಿ, ತಳವಾರರು ಇದ್ದರು. ಕಳವಾದ ಸುದ್ದಿ ಮೊದಲು ಪಟೇಲರ ಜಗಲಿ ಮುಟ್ಟುತ್ತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯ, ದರ್ಪ ಬೇಕಾದಷ್ಟಿತ್ತು. ಅದು ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆದದ್ದು ಸರಿಯೇ. ಆದರೆ ದೂರು ಹೇಳಿಕೊಳ್ಳುವ ಜಾಗ ಊರೊಳಗಿಂದ ಎದ್ದು ಹೋಬಳಿಗೆ, ತಾಲ್ಲೂಕಿಗೆ ಹೋಯಿತು. ಈಗ ದೂರನ್ನು ಆನ್‌ಲೈನಿನಲ್ಲೂ ಕೊಡಬಹುದು ಎಂದಾಗ ನನಗೆ ಮುಖ್ಯವಾಗಿ ಕಾಣುವುದು ಇದೇ: ದೂರು ಬರೆಯುವ ಜಾಗ ಮತ್ತೆ ನಮ್ಮ ಜಗಲಿಗೇ ಬಂದಿದೆ, ಪಟೇಲರ ಅಪ್ಪಣೆ ಇಲ್ಲದೆ.

ಕಾನೂನಿನಲ್ಲೂ ಇದಕ್ಕೆ ಈಗ ಗಟ್ಟಿ ನೆಲೆ ಸಿಕ್ಕಿದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರ 173ನೇ ಕಲಮಿನ ಪ್ರಕಾರ ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ತಾವೇ ಎಫ್‌ಐಆರ್ ದಾಖಲಿಸಿ ತನಿಖೆ ಮಾಡಬಹುದಾದ ಅಪರಾಧದ ಮಾಹಿತಿಯನ್ನು ಬಾಯಲ್ಲಿ ಹೇಳಬಹುದು ಅಥವಾ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಕಳಿಸಬಹುದು. ಅಪರಾಧ ಎಲ್ಲಿ ನಡೆಯಿತು ಎಂಬುದು ಅಡ್ಡಿಯಾಗಬಾರದು. ಅರಸೀಕೆರೆ ಸಂತೆಯಲ್ಲಿ ದುಡ್ಡು ಕಳೆದುಕೊಂಡವನು ಕಡೂರು ತಾಲ್ಲೂಕಿನ ಠಾಣೆಗೆ ಬಂದರೆ "ಅದು ಹಾಸನ ಜಿಲ್ಲೆ, ಅಲ್ಲಿಗೇ ಹೋಗಪ್ಪ" ಎಂದು ಸಾಗಹಾಕುವಂತಿಲ್ಲ. ಇಲ್ಲೇ ಬರೆದುಕೊಂಡು ಅಲ್ಲಿಗೆ ಕಳಿಸಬೇಕು. ಝೀರೋ ಎಫ್‌ಐಆರ್ ಎನ್ನುವುದು ಇದಕ್ಕೇ.

ಇಲ್ಲಿ ಒಂದು ಷರತ್ತಿದೆ, ಅದನ್ನೇ ಬಹಳ ಜನ ಓದುವುದಿಲ್ಲ. ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದ ದೂರಿಗೆ ದೂರುದಾರ ಮೂರು ದಿನದೊಳಗೆ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಅದು ದಾಖಲೆಗೆ ಹೋಗುತ್ತದೆ. ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿ, ಕೇಸಾಯಿತು ಎಂದು ಮನೆಯಲ್ಲಿ ಕೂತರೆ ಕೇಸು ಆಗಿರುವುದಿಲ್ಲ. ಠಾಣೆಗೆ ಒಂದು ಸಲ ಹೋಗುವುದು ತಪ್ಪುವುದಿಲ್ಲ ಎಂದಾದರೆ ಲಾಭವೇನು ಎಂದು ನಮ್ಮ ಹುಡುಗರು ಕೇಳುತ್ತಾರೆ. ಲಾಭ ಇದೆ. ನಿಮ್ಮ ಮಾತು ನಿಮ್ಮದೇ ಪದಗಳಲ್ಲಿ, ನೀವು ಕಳಿಸಿದ ದಿನಾಂಕ, ವೇಳೆಯ ಸಮೇತ ಮೊದಲೇ ಠಾಣೆ ತಲುಪಿರುತ್ತದೆ. ಬರೀ ಬಾಯಲ್ಲಿ ಹೇಳಿದ್ದಾದರೆ "ನೀನು ಬಂದೇ ಇಲ್ಲ" ಎನ್ನಬಹುದು. ಇದನ್ನು ಹಾಗೆನ್ನಲು ಬರುವುದಿಲ್ಲ.

ಕೇಬಲ್ ಕಳವನ್ನೇ ತೆಗೆದುಕೊಳ್ಳಿ. ಈಚೆಗೆ ನಮ್ಮ ಪಕ್ಕದ ತೋಟದಲ್ಲಿ ನಡೆದದ್ದು ಇದು. ಬೆಳಿಗ್ಗೆ ಕರೆಂಟ್ ಬಂದಾಗ ಮೋಟಾರು ಓಡಲಿಲ್ಲ. ಹೋಗಿ ನೋಡಿದರೆ ಸ್ಟಾರ್ಟರ್ ಬಾಕ್ಸಿನಿಂದ ಬೋರಿನ ಬಾಯಿತನಕ ಇದ್ದ ವೈರು ಇಲ್ಲ. ಎರಡೂ ತುದಿ ಕಟಿಂಗ್ ಪ್ಲೇಯರಿನಲ್ಲಿ ಹರಿದಂತಿತ್ತು. ಬದುವಿನಾಚೆ ಹಳ್ಳದ ಮರಳಿನ ಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ಕರಿ ಸಿಪ್ಪೆ ಬಿದ್ದಿತ್ತು. ತಾಮ್ರ ಬಿಡಿಸಿಕೊಳ್ಳಲು ಅಲ್ಲೇ ಬೆಂಕಿ ಹಾಕಿದ್ದರು. ತೋಟದ ಯಜಮಾನರು ಅದನ್ನೆಲ್ಲ ಗುಡಿಸಿ ಎಸೆಯಲು ಹೊರಟಿದ್ದರು. "ಬೇಡ ಅಣ್ಣ, ಮುಟ್ಟಬೇಡಿ, ಮೊದಲು ಫೋಟೊ ತೆಗೀರಿ" ಎಂದೆ. ಕತ್ತರಿಸಿದ ತುದಿ, ಸ್ಟಾರ್ಟರ್ ಬಾಕ್ಸು, ಸುಟ್ಟ ಸಿಪ್ಪೆ, ಬದುವಿನ ಮೇಲಿನ ಬೈಕಿನ ಗಾಲಿಯ ಗುರುತು, ಎಲ್ಲವೂ ಅವರ ಮಗನ ಫೋನಿನಲ್ಲಿ ಬಂತು. ಆಮೇಲೆ ಜಗಲಿಯಲ್ಲಿ ಕೂತು ದೂರು ಬರೆದೆವು.

ದೂರು ಬರೆಯುವುದೂ ಒಂದು ಕಸುಬು. "ನಮ್ಮ ತೋಟದಲ್ಲಿ ಕಳ್ಳತನ ಆಗಿದೆ, ದಯವಿಟ್ಟು ಕ್ರಮ ತೆಗೆದುಕೊಳ್ಳಿ" ಎಂದು ಎರಡು ಸಾಲು ಬರೆದರೆ ತನಿಖೆಗೆ ಹಿಡಿಯಲು ಏನೂ ಇರುವುದಿಲ್ಲ. ಜಮೀನಿನ ಸರ್ವೆ ನಂಬರು, ಮೆಸ್ಕಾಂ ಕೊಟ್ಟ ಪಂಪ್‌ಸೆಟ್ಟಿನ ಆರ್‌ಆರ್ ನಂಬರು, ಕೊನೆಯ ಸಲ ಮೋಟಾರು ಓಡಿದ್ದು ಯಾವಾಗ, ಕಳವು ಕಂಡದ್ದು ಯಾವಾಗ, ಕೇಬಲ್ ಎಷ್ಟು ಮೀಟರು, ಯಾವ ಕಂಪನಿಯದು, ಕೊಂಡ ಬಿಲ್ಲು ಇದೆಯೇ, ಆ ರಾತ್ರಿ ಅಪರಿಚಿತ ಗಾಡಿ ಓಡಾಡಿದ್ದನ್ನು ಯಾರಾದರೂ ಕಂಡರೇ, ಇಷ್ಟೂ ಬೇಕು. ಅನುಮಾನ ಯಾರ ಮೇಲಾದರೂ ಇದ್ದರೆ ಅನುಮಾನ ಎಂದೇ ಬರೆಯಿರಿ, ಯಾಕೆಂದು ಕಾರಣ ಕೊಡಿ. ಹಳೇ ದ್ವೇಷಕ್ಕೆ ದಾಯಾದಿಯ ಹೆಸರು ತುರುಕಬೇಡಿ. ಸುಳ್ಳು ಮಾಹಿತಿ ಕೊಟ್ಟು ಒಬ್ಬರಿಗೆ ತೊಂದರೆ ಮಾಡಿಸುವುದು ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು ಇರುವ ಅಪರಾಧ.

ಇನ್ನು ಮಾಲಿನ ಬೆಲೆ. ಇಲ್ಲೇ ನಮ್ಮ ರೈತರು ತಾವೇ ತಮ್ಮ ಕೇಸನ್ನು ಸಣ್ಣದು ಮಾಡಿಕೊಳ್ಳುತ್ತಾರೆ. ಸಂಕೋಚಕ್ಕೋ ಅಂದಾಜಿಗೋ "ಏನೋ ಒಂದು ಮೂರು ಸಾವಿರ ಇರಬಹುದು" ಎಂದು ಬಿಡುತ್ತಾರೆ. ಹೊಸ ಕಾನೂನಿನಲ್ಲಿ ಈ ಅಂಕಿ ತುಂಬಾ ಮುಖ್ಯ. ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಸಾಮಾನ್ಯ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ ಇದೆ, ಅದು ಸಂಜ್ಞೇಯ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಸಿಕ್ಕಿಬಿದ್ದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಮೊದಲ ತಪ್ಪಿಗೆ ಜೈಲಿನ ಬದಲು ಸೇವೆ ಎನ್ನುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಹೊಟ್ಟೆಗಿಲ್ಲದೆ ಕೋಳಿ ಕದ್ದ ಹುಡುಗ ಜೈಲಿಗೆ ಹೋಗಿ ಪಳಗಿದ ಕಳ್ಳನಾಗಿ ಬರುವುದನ್ನು ಕಂಡವನು ನಾನು. ಆದರೆ ಸುರಕ್ಷಾ ಸಂಹಿತೆಯ ಅನುಸೂಚಿ, 5,000ದೊಳಗಿನ ಈ ಕಳವನ್ನು ಅಸಂಜ್ಞೇಯ ಎಂದು ಇಟ್ಟಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಕೂಲಿಯವನಿಗೆ ನಾಲ್ಕು ಸಾವಿರ ಎಂದರೆ ವಾರಕ್ಕೂ ಮೀರಿದ ದುಡಿಮೆ. ಅವನ ಕಳವಿಗೆ ಎಫ್‌ಐಆರ್ ಇಲ್ಲ, ಉಳ್ಳವನ ಆರು ಸಾವಿರಕ್ಕೆ ಇದೆ ಎಂಬ ಏರ್ಪಾಡು ಬಡವನಿಗೆ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಬಿಲ್ಲು ನೋಡಿ, ಅಂಗಡಿಯಲ್ಲಿ ಕೇಳಿ, ಆ ದಿನದ ನಿಜವಾದ ಬೆಲೆ ಬರೆಯಿರಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಮಾಲು ಎಲ್ಲಿಂದ ಹೋಯಿತು ಎಂಬುದನ್ನೂ ಬಿಡಬೇಡಿ. ವಾಸದ ಮನೆಯಿಂದ, ಸಾಮಾನು ಇಡುವ ಕಟ್ಟಡದಿಂದ, ಸರಕಿನ ಗಾಡಿಯಿಂದ ಕದ್ದರೆ ಅದು 305ನೇ ಕಲಮಿಗೆ ಹೋಗುತ್ತದೆ. ಏಳು ವರ್ಷದವರೆಗೆ ಶಿಕ್ಷೆ. ದೇವಸ್ಥಾನದ ವಿಗ್ರಹದ ಕಳವೂ ಅದರಲ್ಲೇ ಸೇರಿದೆ. ಬಯಲಲ್ಲಿ ಬಿದ್ದ ಅಡಿಕೆ ಮೂಟೆಗೂ ಬೀಗ ಹಾಕಿದ ಗೋಡೌನಿನಿಂದ ಹೋದ ಮೂಟೆಗೂ ಕಾನೂನಿನಲ್ಲಿ ಇಷ್ಟು ವ್ಯತ್ಯಾಸ. "ಗೋಡೌನಿನ ಬೀಗ ಮುರಿದು" ಎಂಬ ಮಾತು ದೂರಿನಲ್ಲಿ ಬಿಟ್ಟುಹೋದರೆ ಕೇಸಿನ ತೂಕವೇ ಇಳಿಯುತ್ತದೆ.

ಬೈಗುಳ, ಬೇಲಿ ಜಗಳದಲ್ಲಿ ಬಿದ್ದ ಸಣ್ಣ ಏಟು, ಇವು ಮೊದಲಿನಿಂದಲೂ ಎನ್‌ಸಿ, ಅಸಂಜ್ಞೇಯ. ಎನ್‌ಸಿ ಎಂದರೆ ಪೊಲೀಸರು ಕೈತೊಳೆದುಕೊಂಡು ಸುಮ್ಮನಿರಬಹುದು ಎಂದಲ್ಲ. ಸುರಕ್ಷಾ ಸಂಹಿತೆಯ 174ನೇ ಕಲಮಿನಂತೆ ವಿಷಯವನ್ನು ಪುಸ್ತಕದಲ್ಲಿ ಬರೆದು, ದೂರುದಾರನಿಗೆ ಮ್ಯಾಜಿಸ್ಟ್ರೇಟರ ಬಳಿ ಹೋಗಲು ತಿಳಿಸಬೇಕು. ಅಂಥ ಪ್ರಕರಣಗಳ ವರದಿ ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ನಮ್ಮ ತಾಲ್ಲೂಕಿನವರಿಗೆ ಆ ಕೋರ್ಟು ಕಡೂರಿನಲ್ಲಿದೆ. ಠಾಣೆಯಿಂದ ಅನುಮತಿ ಕೋರಿ ಬಂದ ಕಾಗದದ ಮೇಲೆ "ಅನುಮತಿಸಿದೆ" ಎಂದು ಒಂದು ಪದ ಬರೆದು ಸಹಿ ಹಾಕಿದರೆ ಸಾಲದು, ಮ್ಯಾಜಿಸ್ಟ್ರೇಟರು ವಿಷಯ ಪರಿಶೀಲಿಸಿ ಆದೇಶ ಕೊಡಬೇಕು ಎಂದು ನಮ್ಮ ರಾಜ್ಯದ ಹೈಕೋರ್ಟು ಹೇಳಿದೆ. ಇದನ್ನು ಪಾಲಿಸದೆ ಬಿದ್ದುಹೋದ ಕೇಸುಗಳಿವೆ. ಹಾಗಾಗಿ ಎನ್‌ಸಿ ನಂಬರು ಬರೆದುಕೊಳ್ಳಿ, ಹಿಂಬರಹ ಕೇಳಿ ಪಡೆಯಿರಿ.

ಆನ್‌ಲೈನಿನಲ್ಲಿ ಯಾವುದಕ್ಕೆ ಯಾವ ಬಾಗಿಲು ಎಂಬುದರಲ್ಲೂ ಗೊಂದಲ ಬಹಳ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯ ಇರುವುದು ಕಳೆದುಹೋದ ವಸ್ತುಗಳಿಗೆ. ಆರ್‌ಸಿ, ಲೈಸೆನ್ಸು, ಮಾರ್ಕ್ಸ್ ಕಾರ್ಡು, ಸಿಮ್ಮು ಎಲ್ಲೋ ಬಿದ್ದುಹೋದರೆ ಮೊಬೈಲಿನಲ್ಲೇ ವಿವರ ತುಂಬಿದರೆ ನಂಬರು ಇರುವ, ಡಿಜಿಟಲ್ ಸಹಿಯ ವರದಿ ಬರುತ್ತದೆ. ಡೂಪ್ಲಿಕೇಟ್ ತೆಗೆಸಲು ಅದು ಸಾಕು. ಹಿಂದೆ ಇಷ್ಟಕ್ಕೇ ಜನ ಠಾಣೆ ಬಾಗಿಲಲ್ಲಿ ಅರ್ಧ ದಿನ ನಿಲ್ಲುತ್ತಿದ್ದರು. ಈ ಒಂದು ಕೆಲಸ ನಿಜಕ್ಕೂ ದೊಡ್ಡ ಉಪಕಾರ.

ಅದು ಎಫ್‌ಐಆರ್ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು. ನಮ್ಮ ಬೀದಿಯ ಹುಡುಗಿಯೊಬ್ಬಳು ಕಾಲೇಜಿಗೆಂದು ಬಸ್ಸು ಹತ್ತಿದಾಗ ಬ್ಯಾಗಿನಲ್ಲಿದ್ದ ಫೋನು ಹೋಯಿತು. ಇ-ಲಾಸ್ಟಿನಲ್ಲಿ "ಪ್ರಯಾಣದಲ್ಲಿ ಕಳೆದುಹೋಗಿದೆ" ಎಂದು ತುಂಬಿ ನನ್ನ ಹತ್ತಿರ ತೋರಿಸಲು ಬಂದಳು. ಬ್ಯಾಗು ತಾ ಮಗಳೇ ಎಂದೆ. ಬದಿಯಲ್ಲಿ ಬ್ಲೇಡಿನಿಂದ ನೀಟಾಗಿ ಸೀಳಿದ್ದರು. "ಮಾವ, ಕಳ್ಳತನ ಅಂತ ಬರೆದರೆ ಸ್ಟೇಷನ್ನಿಗೆ ಕರೀತಾರಂತೆ, ಲಾಸ್ಟ್ ಅಂತ ಹಾಕಿದ್ರೆ ಸುಲಭ ಅಂದ್ರು" ಎಂದಳು. ಹೀಗೆ ಹೇಳಿಕೊಡುವವರು ಎಲ್ಲ ಕಡೆ ಇದ್ದಾರೆ, ಇಲಾಖೆಯ ಒಳಗೂ ಇದ್ದಾರೆ. ಕಳುವಾದದ್ದನ್ನು ಕಳೆದುಹೋಯಿತು ಎಂದು ಬರೆದ ಗಳಿಗೆಯಲ್ಲೇ ಆ ಕಳ್ಳ ಕಾಗದದ ಮೇಲಿಂದ ಮಾಯವಾಗುತ್ತಾನೆ. ಅದೇ ಬಸ್ಸಿನಲ್ಲಿ ಅದೇ ಬ್ಲೇಡು ಇನ್ನೊಬ್ಬರ ಬ್ಯಾಗಿಗೆ ಬೀಳುತ್ತದೆ. ಠಾಣೆಯಲ್ಲಿ ಕಳ್ಳರನ್ನು ಅವರ ಕೆಲಸದ ರೀತಿಯಿಂದಲೇ ಗುರುತಿಸುವುದು, ಎಂ.ಓ. ಎನ್ನುತ್ತಾರೆ. ದಾಖಲೆ ಇಲ್ಲದಿದ್ದರೆ ಆ ರೀತಿ ಕಣ್ಣಿಗೆ ಬೀಳುವುದು ಹೇಗೆ? ಹುಡುಗಿ ಅಪ್ಪನ ಜೊತೆ ಹೋಗಿ ಕಳವಿನ ದೂರೇ ಕೊಟ್ಟಳು.

ಫೋನಿಗೆ ಇನ್ನೊಂದು ಕೆಲಸವೂ ಇದೆ. 2023ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಬಂದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ ಕೊಟ್ಟರೆ ಅದನ್ನು ಬ್ಲಾಕ್ ಮಾಡುತ್ತಾರೆ. ಬೇರೆ ಸಿಮ್ ಹಾಕಿದರೂ ನಮ್ಮ ದೇಶದ ಯಾವ ನೆಟ್‌ವರ್ಕಿನಲ್ಲೂ ಅದು ಕೆಲಸ ಮಾಡುವುದಿಲ್ಲ. ಹಾಕಲು ನೋಡಿದರೆ ಸುಳಿವು ಪೊಲೀಸರಿಗೆ ಹೋಗುತ್ತದೆ. ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ, ಒಟಿಪಿ ಬರಲು ಅದೇ ನಂಬರಿನ ಹೊಸ ಸಿಮ್ಮು ಬೇಕು. ಐಎಂಇಐ ಡಬ್ಬದ ಮೇಲೆ, ಬಿಲ್ಲಿನಲ್ಲಿ ಇರುತ್ತದೆ. ಫೋನು ಕೈಯಲ್ಲಿರುವಾಗಲೇ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ ಬಂದ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಹುಡುಗಿಯ ಫೋನು ಇನ್ನೂ ಸಿಕ್ಕಿಲ್ಲ, ಬ್ಲಾಕ್ ಆಗಿದೆ.

ಬೈಕು ಕಳುವಾದರೆ ಪೊಲೀಸ್ ನಾಗರಿಕ ಪೋರ್ಟಲ್‌ನಲ್ಲಿ ಇ-ಎಫ್‌ಐಆರ್ ಸೌಲಭ್ಯವಿದೆ, ಕಳ್ಳ ಯಾರೆಂದು ಗೊತ್ತಿಲ್ಲದ ಪ್ರಕರಣಗಳಿಗೆ. ದೆಹಲಿ ಪೊಲೀಸರು ವಾಹನ ಕಳವಿಗೆ ಇಂಥದ್ದನ್ನು 2015ರಲ್ಲೇ ಶುರುಮಾಡಿದ್ದರು. ವಿಮೆ ಕಂಪನಿಯವರು ಎಫ್‌ಐಆರ್ ಕೇಳುತ್ತಾರೆ. ಗಾಡಿ ಪತ್ತೆಯಾಗದಿದ್ದರೆ ಠಾಣೆಯಿಂದ ಸಿ ರಿಪೋರ್ಟು ಕೇಳುತ್ತಾರೆ. ಇ-ಲಾಸ್ಟ್ ಚೀಟಿ ಅಲ್ಲಿ ನಡೆಯುವುದಿಲ್ಲ. ರೈಲಿನಲ್ಲಿ ಬ್ಯಾಗು ಹೋದರೆ ಬೀರೂರೋ ಕಡೂರೋ ಬರುವತನಕ ಕಾಯದೆ 139ಕ್ಕೆ ಫೋನು ಮಾಡಿ. ಬ್ಯಾಂಕಿನ ಹಣ ಮೋಸದಿಂದ ಹೋದರೆ ಮೊದಲು 1930. ಆಮೇಲೆ ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್, ಬೇಕಾದರೆ ಸೈಬರ್ ಅಪರಾಧ ನೋಡಿಕೊಳ್ಳುವ ಚಿಕ್ಕಮಗಳೂರಿನ ಸೆನ್ ಠಾಣೆ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಸಬೇಕು, ಅಲ್ಲಿ ಗಂಟೆಗಳೇ ಲೆಕ್ಕ. ಕಳ್ಳ ಇನ್ನೂ ತೋಟದಲ್ಲೇ ಇದ್ದಾನೆ, ಹೊಡೆದಾಟ ನಡೆಯುತ್ತಿದೆ ಎಂದರೆ ಪೋರ್ಟಲ್ ಬೇಡ, 112 ಒತ್ತಿ.

ಬೆಂಗಳೂರಿನಲ್ಲಿ ಸಣ್ಣ ಅಪರಾಧ ಎಂದರೆ ಮೊದಲು ನೆನಪಾಗುವುದು ಸಂಚಾರ ನಿಯಮ. 2015ರಲ್ಲಿ ಬಂದ ಪಬ್ಲಿಕ್ ಐ ಎಂಬ ಆ್ಯಪ್‌ನಲ್ಲಿ ಫುಟ್‌ಪಾತಿನ ಮೇಲೆ ನಿಲ್ಲಿಸಿದ ಗಾಡಿಯ ಫೋಟೊ ತೆಗೆದು ಜನರೇ ಸಂಚಾರ ಪೊಲೀಸರಿಗೆ ಕಳಿಸತೊಡಗಿದರು. ಅಲ್ಲಿ ಕಳಿಸಿದವನು ಯಾರು, ಗಾಡಿಯವನು ಯಾರು, ಒಬ್ಬರಿಗೊಬ್ಬರು ಗೊತ್ತಿರುವುದಿಲ್ಲ. ಹಳ್ಳಿಯ ಮಾತು ಬೇರೆ. ಶಾಲೆಯ ಹಿಂದೆ ಅಂದರ್ ಬಾಹರ್ ಆಡುವವನು ನಮ್ಮ ನೆಂಟ, ಪೆಟ್ಟಿಗೆ ಅಂಗಡಿಯಲ್ಲಿ ಕದ್ದು ಮದ್ಯ ಮಾರುವವಳು ಕಷ್ಟಕ್ಕೆ ಆದವಳು. "ನಿನ್ನ ಹೆಸರು ಹೊರಗೆ ಬರೋದಿಲ್ಲ" ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಎಫ್‌ಐಆರ್ ಆದರೆ ದೂರುದಾರನ ಹೆಸರು ಅದರಲ್ಲಿ ಇದ್ದೇ ಇರುತ್ತದೆ. 2016ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳು ಜಾಲತಾಣಕ್ಕೂ ಹೋಗುತ್ತವೆ. ಹೆಸರು ಕೊಡಲು ಧೈರ್ಯ ಸಾಲದವರು ಊರಿನ ಬೀಟ್ ಪೊಲೀಸರಿಗೆ ಹೇಳಲಿ. ಬೀಟಿನವರ ಫೋನ್ ನಂಬರು ಪ್ರತಿ ಮನೆಯಲ್ಲೂ ಇರಬೇಕು. ಅದು ಮಾಹಿತಿ ಆಗುತ್ತದೆ, ದೂರು ಆಗುವುದಿಲ್ಲ, ಅಷ್ಟಾದರೂ ಆಗಲಿ.

ಫೋನು ಬಳಸಲು ಬಾರದ ಹಿರಿಯರ ಬಗ್ಗೆ ನನಗೆ ಹೆಚ್ಚು ಕಾಳಜಿ. ಆನ್‌ಲೈನ್ ಬಂದಿದೆ ಎಂದು ಠಾಣೆಯಲ್ಲಿ ಅವರನ್ನು "ಆನ್‌ಲೈನಲ್ಲಿ ಹಾಕ್ಕೊಂಡು ಬಾರಜ್ಜ" ಎಂದು ವಾಪಸು ಕಳಿಸುವುದು ಶುರುವಾದರೆ ಇದಕ್ಕಿಂತ ಕೆಟ್ಟದ್ದಿಲ್ಲ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕಾದ ಕರ್ತವ್ಯ ಠಾಣೆಯದು. ಆ ನಿಯಮ ಹೊಸ ಕಾನೂನಿನಲ್ಲೂ ಹಾಗೇ ಇದೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಬರೆದುಕೊಳ್ಳದಿದ್ದರೆ ಜಿಲ್ಲೆಯ ಎಸ್‌ಪಿಯವರಿಗೆ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಹಾಕಬಹುದು.

ಬರೆಸಿದ ಮಾತ್ರಕ್ಕೆ ಎಲ್ಲ ಮಾಲು ವಾಪಸು ಬರುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಪಕ್ಕದ ತೋಟದ ಕೇಬಲ್ಲೂ ಬಂದಿಲ್ಲ. ಆದರೆ ದೂರು ದಾಖಲಾದ ಮೇಲೆ ಅದೇ ಸಾಲಿನ ಇನ್ನೂ ಕೆಲವರು ತಮ್ಮದೂ ಹೋಗಿತ್ತು ಎಂದು ಮುಂದೆ ಬಂದು ಬರೆಸಿದರು. ಈಗ ರಾತ್ರಿ ಬೀಟಿನವರು ಹಳ್ಳದ ದಾರಿಯಲ್ಲೂ ಬರುತ್ತಿದ್ದಾರೆ. ಎಲ್ಲಿ ಎಷ್ಟು ಗಸ್ತು ಬೇಕು ಎಂದು ಠಾಣೆಯವರು ತೀರ್ಮಾನಿಸುವುದು ದಾಖಲಾದ ಪ್ರಕರಣ ನೋಡಿಯೇ; ಗೊಣಗಿಕೊಂಡು ಸುಮ್ಮನಾದವರ ಊರಿಗೆ ಗಸ್ತು ಬರುವುದಿಲ್ಲ.

ಹಾಗಾಗಿ ದೇವನೂರಿನವರಿಗೂ ಓದುವ ನಿಮಗೂ ನನ್ನ ಕೋರಿಕೆ ಇಷ್ಟು. ಕಳವಾದ ದಿನವೇ ಬರೆದು ಕಳಿಸಿ, ಮೂರು ದಿನದೊಳಗೆ ಹೋಗಿ ಸಹಿ ಹಾಕಿ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಅದನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕೆಂದು ಕಾನೂನಿನಲ್ಲೇ ಬರೆದಿದೆ.